ಅತ್ತಿಗೆ ಕೊಟ್ಟ ಕಂಪ್ಯೂಟರು

ನೇಯಾಫು, ವವಾವು
ಜುಲೈ 9

ಪ್ರೀತಿಯ ಸೆಮಿಸಿ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ. ಈ ಹೊತ್ತು ನಿನ್ನ ಮೇಲೆ ಅಂಥ ಪ್ರೀತಿಯೇನೂ ಉಕ್ಕಿ ಬರುತ್ತಿಲ್ಲ. ಫೋನಿನಲ್ಲಿ ಜಗಳ ತೆಗೆದರೆ, ದುಡಿಯಲು ಹೋದ ಆ ಪರದೇಶದ ತೋಟದಲ್ಲಿ ಸಿಗ್ನಲ್ ಇಲ್ಲ ಅಂತ ಇಟ್ಟುಬಿಡುತ್ತೀ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ, ಪೂರ್ತಿ ಓದು.

ಈಸ್ಟರಿಗೆ ನಿನ್ನ ಅಕ್ಕ ಅಕೋಸಿತಾ ಬ್ರಿಸ್ಬೇನಿನಿಂದ ಬಂದರಲ್ಲ, ಒಳಗೆ ಕಾಲಿಟ್ಟವರೇ ಮೂಲೆಯಲ್ಲಿದ್ದ ನಮ್ಮ ಹಳೆಯ ಕಂಪ್ಯೂಟರನ್ನು ನೋಡಿ ಮುಖ ಸಿಂಡರಿಸಿದರು. "ಏನೇ ಸೇಯ್ನಿ ಇದು, ನೋಹನ ನಾವೆಯಿಂದ ಇಳಿಸಿದ್ದಾ? ನನ್ನ ತಮ್ಮನ ಮನೇಲಿ ಇಂಥ ಡಬ್ಬ ಇರಬಾರದು ನೋಡು" ಅಂದರು. ಚೀಲದಿಂದ ಹೊಸ ಲ್ಯಾಪ್‌ಟಾಪ್ ತೆಗೆದಿಟ್ಟರು. ಮಧ್ಯಾಹ್ನದೊಳಗೆ ಹಳೆಯದು ಕಸದ ಗುಂಡಿಗೆ ಹೋಯಿತು. ಮಕ್ಕಳ ಸೋದರತ್ತೆ ಬಾಯಿ ತೆರೆದ ಮೇಲೆ ನಮ್ಮ ದ್ವೀಪಗಳಲ್ಲಿ ಯಾರು ತಾನೇ ಬೇಡ ಅನ್ನುತ್ತಾರೆ? ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಆ ಡಬ್ಬ ಏನು ಮಾಡುತ್ತಿತ್ತು ಅಂತ ನಿನಗೆ ಗೊತ್ತು. ಶಾಲೆಯ ಮೇಷ್ಟ್ರು ಫಿಲಿಮೋನೆ ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟ ಮೇಲೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಇಗರ್ಜಿಯ ಹಾಡಿನ ಹಾಳೆಗಳು, ಚಾಪೆ ಹೆಣೆಯುವ ಹೆಂಗಸರ ಪತ್ರಗಳು, ಅರ್ಧ ಊರಿನ ಸಾವಿನ ಸುದ್ದಿ, ಎಲ್ಲ ಅದರಲ್ಲೇ ಆಗುತ್ತಿತ್ತು. ಫ್ಯಾನು ಹಂದಿಯ ಹಾಗೆ ಗುರುಗುಟ್ಟುತ್ತಿತ್ತು, ನಿಜ. ಆದರೆ ಒತ್ತಿದರೆ ತೆರೆಯುತ್ತಿತ್ತು. ಇಂಟರ್ನೆಟ್ ಇರಲಿ ಬಿಡಲಿ, ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ಹೊಸದು ಹಾಗಲ್ಲ. ಅಕ್ಕ ಅದನ್ನು ತಮ್ಮ ಹೆಸರಿನ ಖಾತೆಯಲ್ಲೇ ತೆರೆದು ಕೊಟ್ಟಿದ್ದಾರೆ. ಆಗಾಗ ಅದಕ್ಕೆ ನಮ್ಮ ಮೇಲೆ ಅನುಮಾನ ಬರುತ್ತದೆ. ಆಗ ಗುಟ್ಟಿನ ಸಂಖ್ಯೆಯೊಂದನ್ನು ಬ್ರಿಸ್ಬೇನಿನಲ್ಲಿರುವ ಅಕ್ಕನ ಫೋನಿಗೆ ಕಳಿಸಿ, ಅದನ್ನು ಒತ್ತಿದರೆ ಮಾತ್ರ ಬಾಗಿಲು ತೆಗೆಯುತ್ತದೆ. ನನ್ನ ಮನೆಯ ಮೇಜಿನ ಮೇಲಿರುವ ವಸ್ತುವಿಗೆ ನಾನೇ ಕಳ್ಳಿ.

ಈಗ ಮಗಳ ವಿಷಯ. ಮೆಲೆನೈತೆಯ ಪ್ರಬಂಧ ಶುಕ್ರವಾರ ಶಾಲೆಗೆ ಸೇರದಿದ್ದರೆ ಸುವಾದ ಕಾಲೇಜಿನ ವಿದ್ಯಾರ್ಥಿವೇತನದ ಆಸೆ ಬಿಡಬೇಕಿತ್ತು. ಹಳೆಯದು ಗುಂಡಿಗೆ ಹೋಗುವ ಮೊದಲು ಫಿಲಿಮೋನೆ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಹೊಸದರಲ್ಲಿ ಅದರ ಕೆಲಸ ಮುಂದುವರಿಸಿದ್ದಳು. ಗುರುವಾರ ಕೊನೆಯ ಪುಟ ತಿದ್ದಲು ಕುಳಿತರೆ, ಬರೆಯುವ ತಂತ್ರಾಂಶದ ಬಿಟ್ಟಿ ಬಳಕೆಯ ಅವಧಿ ಮುಗಿಯಿತು, ವರ್ಷದ ಹಣ ಕಟ್ಟಿ ಅಂತ ಪರದೆಯ ಮೇಲೆ ಬಂತು. ಓದಬಹುದಂತೆ, ತಿದ್ದುವ ಹಾಗಿಲ್ಲವಂತೆ. ಬರೆದವಳು ಅವಳು, ಬಾಡಿಗೆ ಇನ್ಯಾರಿಗೋ. ಇದು ಯಾವ ಊರಿನ ನ್ಯಾಯ ಸೆಮಿಸಿ? ಪ್ರಬಂಧ ಹೊರಗೆ ತೆಗೆದುಕೊಳ್ಳೋಣವೆಂದರೆ, ಶುಕ್ರವಾರ ಬೆಳಿಗ್ಗೆ ಮತ್ತೆ ಆ ಗುಟ್ಟಿನ ಸಂಖ್ಯೆ ಕೇಳಿತು. ಅಕ್ಕನಿಗೆ ಫೋನ್ ಮೇಲೆ ಫೋನ್ ಮಾಡಿದೆ. ಸಂಜೆ ಎತ್ತಿದವರು, "ಹೊಸ ವಸ್ತು ಕೊಟ್ರೆ ಸಂಭಾಳಿಸೋಕೂ ಬರಲ್ವಲ್ಲೇ ನಿಮಗೆ" ಅಂದರು. ಮಗಳು ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಫಿಲಿಮೋನೆ ಹೆಡ್‌ಮಾಸ್ತರರ ಕಾಲು ಹಿಡಿದು ಸೋಮವಾರದವರೆಗೆ ಸಮಯ ಕೇಳಿಕೊಂಡು ಬಂದ.

ಆ ರಾತ್ರಿಯೇ, ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕುತ್ತೇನೆ, ಅಕ್ಕನಿಗೆ ಒಂದು ಮಾತು ಹೇಳು ಅಂತ ನಿನ್ನನ್ನು ಬೇಡಿಕೊಂಡೆ. ಅವರು ಕೊಟ್ಟದ್ದನ್ನು ಕೇಳದೆ ಮುಟ್ಟಬಾರದು ಅನ್ನುವಷ್ಟು ಮರ್ಯಾದೆ ನನಗಿನ್ನೂ ಇದೆ. ನೀನೇನು ಅಂದೆ? "ಅಕ್ಕನ ಹತ್ರ ನಾನ್ ಹೆಂಗೆ ಮಾತಾಡ್ಲಿ, ಸುಮ್ನಿರೇ." ಒಡಹುಟ್ಟಿದವನೇ ಬಾಯಿ ಹೊಲಿದುಕೊಂಡಿದ್ದರೆ ತಮ್ಮನ ಹೆಂಡತಿಯಾ ಹೋಗಿ ಕೇಳುತ್ತಾಳೆ? ಮಗಳಿಗಿಂತ ನಿನಗೆ ಅಕ್ಕನ ಮುಖವೇ ದೊಡ್ಡದಾಯಿತು. ಅಷ್ಟು ಹೇಡಿಯನ್ನು ನಾನು ಮದುವೆಯಾಗಿರಲಿಲ್ಲ.

ಶನಿವಾರ ಫಿಲಿಮೋನೆಯನ್ನು ಕರೆಸಿದೆ. ಅವನೂ ಹಿಂದೆಮುಂದೆ ನೋಡಿದ. "ಸೇಯ್ನಿ ಅಕ್ಕಾ, ಅವರು ಕೇಳಿದ್ರೆ ಏನಂತೀರಾ?" ಅಂದ. "ನಾನೇ ಮಾಡಿದ್ದು ಅಂತೀನಿ, ನೀನು ಕೆಲ್ಸ ನೋಡು" ಅಂದೆ. ಅಕ್ಕನಿಂದ ಕೊನೆಯ ಬಾರಿ ಸಂಖ್ಯೆ ಕೇಳಿ ಪಡೆದೆವು, ಯಾಕೆ ಅಂತ ಹೇಳಲಿಲ್ಲ. ಬೇಕಾದದ್ದನ್ನು ಮೊದಲು ಹೊರಗೆ ತೆಗೆದ, ಆಮೇಲೆ ಎಲ್ಲ ಅಳಿಸಿದ. ಈಗ ಅದು ನಮ್ಮ ಮಾತು ಕೇಳುತ್ತದೆ. ಪ್ರಬಂಧ ಸೋಮವಾರ ಬೆಳಿಗ್ಗೆ ಶಾಲೆ ಸೇರಿತು. ಮೆಲೆನೈತೆ ಕಂಪ್ಯೂಟರಿನ ಪಕ್ಕದಲ್ಲೇ ಕುಳಿತು ಎರಡು ತಟ್ಟೆ ಮೀನು ತಿಂದಳು.

ಅಪ್ಪಣೆ ಕೇಳಲು ಬರೆದ ಪತ್ರವಲ್ಲ ಇದು. ಆಗಿಹೋಗಿದೆ ಅಂತ ತಿಳಿಸಲು ಬರೆದದ್ದು.

ಇನ್ನೂ ಕೋಪದಲ್ಲಿರುವ ನಿನ್ನ ಹೆಂಡತಿ,
ಸೇಯ್ನಿ

ಮರೆತದ್ದು: ಅಕ್ಕ ಫೋನಿನಲ್ಲಿ ತೆಗೆದ ಫೋಟೋಗಳೆಲ್ಲ ತಾವಾಗಿಯೇ ಈ ಕಂಪ್ಯೂಟರಿಗೂ ಬಂದು ಬೀಳುತ್ತಿದ್ದವಂತೆ. ಅದು ಅವರಿಗೂ ಗೊತ್ತಿರಲಾರದು. ಅಳಿಸುವ ಮೊದಲು ನೋಡಿದೆ. ಅವರ ಸೋಫಾದ ಮೇಲೆ ನೀನು ಮಲಗಿದ್ದೀ, ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಇದೆ, ಅಕ್ಕ ಚಮಚದಲ್ಲಿ ತಿನ್ನಿಸುತ್ತಿದ್ದಾರೆ. ಮೇ ತಿಂಗಳಿನ ಫೋಟೋವೂ ಇದೆ, ಅಂದರೆ ಎರಡು ತಿಂಗಳಿಂದ ಅಲ್ಲೇ ಇದ್ದೀ. ನನಗೆ ಮಾತ್ರ ನೀನು, ತೋಟದಲ್ಲಿ ದುಡಿಯುತ್ತಿದ್ದೇನೆ, ಫೋನಿನ ಕ್ಯಾಮೆರಾ ಒಡೆದಿದೆ ಅಂದಿದ್ದೆ. ಅಕ್ಕನ ಅನ್ನ ತಿನ್ನುತ್ತ ನೀನು ಅವರಿಗೆ ಏನು ತಾನೇ ಹೇಳಬಲ್ಲೆ. ಅದಕ್ಕೇ ಈ ಪತ್ರವನ್ನು ತೋಟದ ವಿಳಾಸಕ್ಕೆ ಕಳಿಸದೆ ಅವರ ಮನೆಗೇ ಕಳಿಸಿದ್ದೇನೆ, ಓದಿದರೆ ಓದಲಿ. ಮಗಳಿಗೆ ಫೋಟೋ ತೋರಿಸಿಲ್ಲ. ಭಾನುವಾರ ಫೋನ್ ಮಾಡಿದಾಗ ತೋಟದ ಬಿಸಿಲಿನ ಕಥೆ ಹೇಳಬೇಡ ಸೆಮಿಸಿ, ಕಾಲು ಹೇಗಿದೆ ಹೇಳು.