ಗೋಪುರದ ಹೆಂಗಸು ಹೇಳಿದ ಮಾತು

ಮನೆಯಿಂದ,
ಜೂನ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಇಡೀ ದಿನ ಕ್ರೇನಿನ ಮೇಲೆ ಕೂರುವವನು, ಸಂಜೆಯಾದರೂ ಸ್ವಲ್ಪ ನಡೆದಾಡು. ಇಲ್ಲಿ ನಾವೆಲ್ಲ ಆರಾಮ. ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ, ಬೈಗುಳ ಮಾತ್ರ ಹಾಗೇ ಇದೆ.

ಮೊನ್ನೆ ಇವರು ಟಿವಿಗೆ ಹಾಕಿ ಆಡುವ ಗೇಮ್ ಕನ್ಸೋಲ್ ತಂದರು. ಅದರಲ್ಲಿ ಏನಿತ್ತು ಗೊತ್ತಾ? ಅಪ್ಪನ ರಿಪೇರಿ ಅಂಗಡಿಯ ಕಂಪ್ಯೂಟರಿನಲ್ಲಿ ನೀನು ಆಡುತ್ತಿದ್ದೆಯಲ್ಲ, ತಾಯಿಯನ್ನು ಹುಡುಕಿಕೊಂಡು ಕೋಟೆಗೆ ನುಗ್ಗುವ ಕತ್ತಿವೀರನ ಆಟ, ಅದೇ. ಹಳೆಯದನ್ನೇ ಕನ್ಸೋಲಿಗೆ ಹೊಂದಿಸಿ ಮತ್ತೆ ಬಿಟ್ಟಿದ್ದಾರೆ. ಅದೇ ಚೌಕಚೌಕದ ಮುಖ, ಅದೇ ತೂಗುಸೇತುವೆ, ಬಿದ್ದರೆ ಅದೇ ಟುಸ್ಸೆನ್ನುವ ಸದ್ದು. ಆಗ ನನಗೆ ಪರದೆಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ನೀನು ಓದಿ ಹೇಳಿದ್ದನ್ನೇ ಕೇಳುತ್ತಿದ್ದೆ. ಕೊನೆಗೆ ಗೋಪುರದಲ್ಲಿ ತಾಯಿ ಸಿಕ್ಕಾಗ ನೀನು ಓದಿದ್ದು ಇನ್ನೂ ಕಿವಿಯಲ್ಲಿದೆ: "ಮಗನೇ, ಇವರು ನನ್ನನ್ನ ಬಿಡಲಿಲ್ಲ ಕಣೋ. ದಿನಾ ನಿನ್ನನ್ನೇ ನೆನೀತಿದ್ದೆ."

ನಿನ್ನೆ ನಾನೇ ಆಡಿ ಗೋಪುರ ಹತ್ತಿದೆ. ಆ ಹೆಂಗಸು ಹೇಳುವುದೇ ಬೇರೆ. ನನ್ನನ್ನು ಯಾರೂ ಹಿಡಿದಿಟ್ಟಿಲ್ಲ, ನಾನಾಗಿಯೇ ಬಂದೆ, ನೀನು ವಾಪಸ್ ಹೋಗು, ಅಂತ. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಮತ್ತೆ ಕೋಟೆಯ ಮಹಡಿಯಿಂದ ಶುರುಮಾಡಿ ಹತ್ತಿ ನೋಡಿದೆ. ಅದೇ ಮಾತು. ಹೊಸದಾಗಿ ಬದಲಾಯಿಸಿರಬಹುದಾ ಎಂದು ಇವರನ್ನು ಕೇಳಿದರೆ, "ಮಾತೆಲ್ಲ ಯಾಕೆ ಬದಲಾಯಿಸ್ತಾರೆ? ನಿಮ್ಮಣ್ಣಂಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ ಇತ್ತೇನೋ" ಎಂದು ನಕ್ಕರು. ಕ್ಲಾಸಿಗೇ ಫಸ್ಟ್ ಬರುತ್ತಿದ್ದವನು ನೀನು. ಅದು ಅಮ್ಮ ಮನೆ ಬಿಟ್ಟು ಹೋದ ವರ್ಷ ಅಲ್ಲವಾ? ಅಮ್ಮನನ್ನೂ ಯಾರೋ ಹಿಡಿದಿಟ್ಟಿದ್ದಾರೆ ಎಂದೇ ನಾನು ಎಷ್ಟೋ ಕಾಲ ನಂಬಿದ್ದೆ. ಹಾಗಾಗಿ ಅವಳ ಮೇಲೆ ಸಿಟ್ಟೇ ಬರಲಿಲ್ಲ. ಈಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುತ್ತಿಲ್ಲ. ನಿನ್ನ ಮೇಲೆ ಆಗೋಣವೆಂದರೆ ಅಳು ಬರುತ್ತದೆ. ಅವಳ ಮೇಲೆ ಆಗೋಣವೆಂದರೆ ಮುಖವೇ ಸರಿಯಾಗಿ ನೆನಪಿಲ್ಲ. ನನಗೆ ನೀನು ಮಾತು ಬದಲಿಸಿ ಓದಿದೆ, ಸರಿ. ನಿನಗೆ ಯಾರು ಓದಿ ಹೇಳಿದರು ಅಣ್ಣಾ?

ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ಮಗೂನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ ಹಿಂದೆಯೇ ಸುತ್ತುತ್ತಿದ್ದ,
ಬಾಲ

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋದ ವಾರ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಅಮ್ಮ ಫೋನ್ ಮಾಡಿದ್ದಳು. ಮುಂದಿನ ತಿಂಗಳು ನೋಡಲು ಬರಲಾ ಎಂದಳು. ಯೋಚನೆಯೇ ಮಾಡದೆ ಬಾ ಎಂದುಬಿಟ್ಟೆ. ಅಪ್ಪನಿಗೆ ಹೇಳಿಲ್ಲ. ಅವಳ ಎದುರು ನಾನೊಬ್ಬಳೇ ಕೂರಲಾರೆ. ರಜೆ ಹಾಕಿ ಬಾ.