ಕ್ಯಾರವಾನಿಗೆ ಹೊಸ ದೀಪ

ಪುಟ್ಟೀ,

ಲೈಸೆನ್ಸ್ ಬಂದ ಮೇಲೆ ಹಾಸಿಗೆ, ಒಲೆ ಎಲ್ಲ ಇರುವ ನಮ್ಮ ಕ್ಯಾರವಾನ್ ವ್ಯಾನನ್ನು ನಿನ್ನೊಬ್ಬಳ ಕೈಗೇ ಕೊಡುತ್ತೇನೆ ಎಂದು ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಮಾತು ಕೊಟ್ಟಿದ್ದೆ. ಈಗ ಲೈಸೆನ್ಸೂ ಬಂತು.

ಹಳೇ ಬಲ್ಬುಗಳು ಮಿಣಮಿಣ ಅನ್ನುತ್ತಿದ್ದವು. ಹಿಂದೆ ಬರುವ ಲಾರಿಯವರಿಗೆ ನೀನು ಕಾಣಬೇಕಲ್ಲ! ಹೊರಗಿನ ದೀಪಗಳನ್ನೆಲ್ಲ ಎಲ್‌ಇಡಿ ಮಾಡಿದ್ದೇನೆ.

ಇಂಡಿಕೇಟರ್ ಮೊದಲು ಹುಚ್ಚು ಹಿಡಿದಂತೆ ಪಟಪಟ ಮಿಟುಕಿತು. ಎಲ್‌ಇಡಿ ಕರೆಂಟು ಕಮ್ಮಿ ಎಳೆಯುವುದರಿಂದ, ಬಲ್ಬೇ ಸುಟ್ಟಿದೆ ಎಂದು ದೀಪ ಮಿಟುಕಿಸುವ ಹಳೇ ಫ್ಲಾಷರ್‌ಗೆ ಗಾಬರಿ. ಅದನ್ನೂ ಬದಲಾಯಿಸಿದೆ. "ಸುಮ್ಮಸುಮ್ಮನೆ ಗಾಬರಿ, ಥೇಟ್ ನಿನ್ನ ಹಾಗೇ ಅಮ್ಮಾ" ಅಂತ ನಗಬೇಡ.

ಹೊರಡುವ ಮೊದಲು ಅಣ್ಣನನ್ನು ಹಿಂದೆ ನಿಲ್ಲಿಸಿ ಎಡ, ಬಲ, ಬ್ರೇಕ್ ಮೂರೂ ನೋಡಿಸು. ಮೊಬೈಲ್ ನೋಡುತ್ತಾ "ಹೂಂ, ಹೂಂ" ಅಂದರೆ ಒಪ್ಪಬೇಡ.

ನಾನೂ ಪಕ್ಕದಲ್ಲಿ ಕೂತು ಬರಲೇ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅದಕ್ಕೇ ನೀನು ಹೊರಡುವ ಹೊತ್ತಿಗೆ ಮನೆಯಲ್ಲಿರದಂತೆ ಬೆಳಗಿನ ಡ್ಯೂಟಿ ಹಾಕಿಸಿಕೊಂಡೆ.

ಕೀಲಿ ಫ್ರಿಜ್ ಮೇಲಿದೆ. ಒಬ್ಬಳೇ ಹೋಗಿ ಬಾ.

ಅಮ್ಮ