ಸರೋವರ ಬಳಸಿ ಹೋಗುವ ದಾರಿ

ಸ್ಟೋರ್‌ಲಿಯಾ, ಮಾರ್ಚ್ 9

ಪ್ರಿಯ ಆರ್ವಿಡ್,

ಮುಂಗಾಲು ಎಂದದ್ದಂತೂ ನನಗೆ ಕೇಳಿಸಿತ್ತು. ಎಡದ್ದೋ ಬಲದ್ದೋ ಎಂದು ನೀನು ಹೇಳುವಷ್ಟರಲ್ಲಿ ಬಸ್ಸಿನ ಬಾಗಿಲು ಮುಚ್ಚಿತು. “ಚಳಿ ಜಾಸ್ತಿ ಆದಾಗ ಟಿಂಕಾ ಮುಂಗಾಲು ನೋಡ್ಕೋ.” ಮನೆ ಬಿಟ್ಟು ಹೋಗುವ ಗಂಡ ಹೆಂಡತಿಗೆ ಹೇಳಿದ ಕೊನೆಯ ಮಾತು ಅದು. ಮೂರು ಚಳಿಗಾಲ ಎರಡೂ ಕಾಲುಗಳನ್ನು ನೋಡುತ್ತಾ ಬಂದಿದ್ದೇನೆ. ಎರಡೂ ಚೆನ್ನಾಗಿವೆ. ಟಿಂಕಾಗೆ ಈಗ ಒಂಬತ್ತು ವರ್ಷ. ಮೂತಿ ಬೆಳ್ಳಗಾಗಿದೆ. ಆದರೂ ನಾನು ಸರಂಜಾಮು ಇಳಿಸುವ ಸದ್ದಾದರೆ ಸಾಕು, ಗೂಡಿನ ಮಾಡಿನ ಮೇಲೆ ಹತ್ತಿ ನಿಲ್ಲುತ್ತಾಳೆ. ನಾಯಿಗಳ ಸಾಲಿನ ಮುಂದಿನ ಜಾಗವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇದು ಕೆಲಸದ ಕಾಗದ. ಹಾಗೆಂದುಕೊಂಡೇ ಬರೆಯಲು ಕೂತಿದ್ದೇನೆ.

ಈಸ್ಟರ್‌ಗೆ ಹೋಟೆಲಿನಿಂದ ಮೂರು ದಿನದ ಜಾರುಬಂಡಿ ಪ್ರವಾಸ ಹೊರಡಿಸಬೇಕೆಂದಿದ್ದೇವೆ. ಯೊರುನ್ ಹೋಟೆಲಿನ ಉಸ್ತುವಾರಿಯನ್ನು ಇನ್ನೂ ಬಿಟ್ಟಿಲ್ಲ. ಪ್ರತಿ ವಸಂತದಲ್ಲೂ ಬಿಡುತ್ತೇನೆ ಎನ್ನುತ್ತಾಳೆ. ಅತಿಥಿಗಳು ನಾಲ್ವರು. ತಲೆಗೊಂದು ಬಂಡಿ, ಬಂಡಿಗೆ ನಾಲ್ಕು ನಾಯಿ. ದಾರಿ ತೋರುವ ಮುಂದಿನ ಬಂಡಿಗೆ ಎಂಟು, ಕೊನೆಯದಕ್ಕೆ ಆರು. ಒಟ್ಟು ಮೂವತ್ತು. ನನ್ನ ಹತ್ತಿರ ಓಡುವಂಥವು ಇಪ್ಪತ್ತೆಂಟು ಇವೆ, ಎರಡನ್ನು ಪಕ್ಕದ ಕಣಿವೆಯಿಂದ ತರಬಹುದು. ನಾಯಿಗಳ ಪಾದಕ್ಕೆ ಕಟ್ಟುವ ಬಟ್ಟೆಯ ಚೀಲಗಳನ್ನು ಡಿಸೆಂಬರಿನಿಂದಲೇ ಹೊಲಿಯುತ್ತಿದ್ದೇನೆ. ಅವುಗಳ ಊಟಕ್ಕೆ ಹೆಪ್ಪುಗಟ್ಟಿದ ಮಾಂಸವನ್ನು ಕೊಡಲಿಯಿಂದ ಒಡೆದು ಚೀಲಕ್ಕೆ ತುಂಬುವ ಕೆಲಸ ಮಾತ್ರ ಬಾಕಿ. ನನ್ನ ಭುಜ ಮೊದಲಿನಂತಿಲ್ಲ. ಕಿತ್ತಳೆ, ಕಂದು ಚೀಸ್, ಒಣಗಿಸಿದ ಹಿಮಸಾರಂಗದ ಮಾಂಸ, ಇವೆಲ್ಲ ಹೋಟೆಲಿನವರದು.

ಹಿಮ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತದೆ, ಅದಕ್ಕೇ ದಿನವೂ ಆರಕ್ಕೆ ಹೊರಡುವುದು. ಮೊದಲ ದಿನ ಬರ್ಚ್ ಕಾಡಿನ ಮೂಲಕ ಕೆಳಗಿನ ಗುಡಿಸಲು. ಎರಡನೆಯ ದಿನ ಲಾಂಗ್‌ವಟ್ನೆ ಸರೋವರದಾಚೆಯ ಗುಡಿಸಲು. ಈ ಸಲ ಸರೋವರದ ಮೇಲೆ ಹಾಯುವುದಿಲ್ಲ, ಉತ್ತರ ದಂಡೆಯನ್ನು ಬಳಸಿಕೊಂಡು ಹೋಗುವುದು. ಆರು ಕಿಲೋಮೀಟರು ಹೆಚ್ಚು. ಓಡ್ವಾರ್ ಮುದುಕ ಆಗಲೇ ದಾರಿಯ ಗುರುತಿಗೆ ಕೊಂಬೆ ನೆಡುತ್ತಾ ಹೊರಟಿದ್ದಾನೆ. ಮೊನ್ನೆ ನನ್ನನ್ನು ಕಂಡವನೇ ಬಂಡಿ ನಿಲ್ಲಿಸಿ, “ಗುನ್ವೋರ್, ನಿನ್ ಗಂಡ ಮುಂದೆ ಹೋಗೋದಾದ್ರೆ ಕೊಂಬೆ ಸಾಕು. ನೀನೇ ಹೋಗೋದಾದ್ರೆ ಹೇಳ್ಬಿಡು, ಉದ್ದಕ್ಕೂ ಬೇಲಿ ಹಾಕ್ತೀನಿ” ಅಂದ. ನಾನು ನಕ್ಕೆ. ಮೂರು ವರ್ಷದಲ್ಲಿ ಆ ವಿಷಯಕ್ಕೆ ಯಾರಾದರೂ ನನ್ನನ್ನು ಹಂಗಿಸಿದ್ದು ಅದೇ ಮೊದಲು. ಎಷ್ಟು ಹಗುರವಾಯಿತೆಂದರೆ ಅವನಿಗೆ ನನ್ನ ಫ್ಲಾಸ್ಕಿನ ಕಾಫಿ ಪೂರ್ತಿ ಕುಡಿಸಿದೆ.

ಓಡ್ವಾರನಿಗೆ ಹೇಗೆ ಗೊತ್ತಾಯಿತು ಎಂದು ನಿನಗೆ ಅನ್ನಿಸಬಹುದು. ಇಲ್ಲಿ ಯೊರುನ್‌ಗೆ ಹೇಳಿದ ಮಾತು ಸಂಜೆಯೊಳಗೆ ಸ್ಕೀ ಲಿಫ್ಟಿನ ಟಿಕೆಟ್ ಕಿಟಕಿಗೆ ತಲುಪುತ್ತದೆ. ಆದರೆ ಯೊರುನ್‌ಗೆ ನಾನೇಕೆ ಹೇಳಿದೆ ಎಂಬುದನ್ನು ಮೊದಲು ಬರೆಯಬೇಕು.

ಅತಿಥಿಗಳಲ್ಲಿ ಒಬ್ಬಳು ಬೆನೆಡಿಕ್ಟೆ. ಡೆನ್ಮಾರ್ಕಿನ ಶಾಲಾ ಟೀಚರು. ಅವಳನ್ನು ನೀನು ಮರೆತಿರಲಾರೆ. ಎರಡು ಕಾಲ್ಬೆರಳು ಕಳೆದುಕೊಂಡ ದಾರಿಯನ್ನು ಪೂರ್ತಿ ಮಾಡಬೇಕಂತೆ. ಯೊರುನ್‌ಗೆ ಬರೆದ ಕಾಗದದಲ್ಲಿ ಒಂದೇ ಷರತ್ತು ಹಾಕಿದ್ದಳು: ಅವತ್ತು ಗುಡಿಸಲಿನಲ್ಲಿ ಚಳಿಗೆ ಮರಗಟ್ಟಿದ್ದ ಅವಳ ಪಾದಗಳನ್ನು ಅಂಗಿ ಎತ್ತಿ ತನ್ನ ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದನಲ್ಲ, ಆ ಮನುಷ್ಯನೇ ಮುಂದಿನ ಬಂಡಿ ಓಡಿಸಬೇಕು. ಯೊರುನ್ ಕಾಗದವನ್ನು ನನ್ನ ಮುಂದಿಟ್ಟು, “ಪಾಪ, ಹೆಂಗಸಿಗೆ ಗೊತ್ತಿಲ್ಲ, ಅವಳ ಬೆರಳು ಕಳೆದವನೂ ಅವನೇ ಅಂತ. ಆಗಲ್ಲ ಅಂತ ಬರೆದ್ಬಿಡ್ತೀನಿ” ಅಂದಳು. ನಾನು ಓದಿದೆ. ಇನ್ನೊಮ್ಮೆ ಓದಿದೆ. ಯೊರುನ್ ವಾಫಲ್ ಬೇಯಿಸುವ ಆ ಹಳೆಯ ಕಬ್ಬಿಣದ ಅಚ್ಚಿಗೆ ಹಿಟ್ಟು ಹೊಯ್ಯುತ್ತಿದ್ದಳು.

ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ, ಆದ್ದರಿಂದ ಇಲ್ಲಿ ಕ್ರಮವಾಗಿ ಬರೆಯುತ್ತೇನೆ, ನಿನಗೆ ಗೊತ್ತಿದ್ದರೂ. ಸಾಲಿನ ಹಿಂಭಾಗದಲ್ಲಿ ಯಾರದೋ ಬಂಡಿ ಮಗುಚಿತ್ತು. ನೀನು ನೋಡಲು ಹಿಂದಕ್ಕೆ ಹೋದೆ, ನಾನು ನಿನ್ನ ಬಂಡಿ ಹತ್ತಿ ಮುಂದೆ ಬಂದೆ. ಮಂಜು. ಸರೋವರದ ಅಂಚಿನಲ್ಲಿ ಟಿಂಕಾ ನಿಂತಳು. ನೇರ ಹೋಗು ಎಂದೆ, ಬಲಕ್ಕೆ ದಂಡೆಯ ಕಡೆ ಎಳೆದಳು. ಮತ್ತೆ ಹೇಳಿದೆ, ಮತ್ತೆ ಎಳೆದಳು. ಮುಂದಾಳು ನಾಯಿ ಎರಡು ಸಲ ಒಲ್ಲೆ ಎಂದರೆ ಮೂರನೆಯ ಸಲ ಹೇಳಬಾರದು. ಇದನ್ನು ನಿನ್ನ ತಂದೆ ನನಗೆ ಮದುವೆಗೂ ಮೊದಲೇ ಕಲಿಸಿದ್ದರು. ನನಗೆ ತಡವಾಗಿತ್ತು, ಹಿಂದಿನ ಬಂಡಿಯವರೆಲ್ಲ ನೋಡುತ್ತಿದ್ದರು. ಇಳಿದು ಹೋಗಿ ಅವಳ ಕೊರಳಪಟ್ಟಿ ಹಿಡಿದು ನೇರಕ್ಕೆ ಎಳೆದುಕೊಂಡು ಹೋದೆ. ನೂರು ಮಾರು. ನಾನು ಇಳಿದಿದ್ದರಿಂದ ಬಂಡಿ ಹಗುರವಾಗಿತ್ತು, ದಾಟಿತು. ಹಿಂದಿದ್ದ ಬೆನೆಡಿಕ್ಟೆಯ ಬಂಡಿ ಕುಸಿಯಿತು. ಹಿಮದ ಕೆಳಗೆ, ಮಂಜುಗಡ್ಡೆಯ ಮೇಲೆ, ತೊಡೆವರೆಗೆ ನೀರು.

ಗುಡಿಸಲು ತಲುಪಿದ ಮೇಲೆ ಎಲ್ಲರೂ ಮಾಡುವಂತೆ ಅಲ್ಲಿನ ದಾಖಲೆ ಪುಸ್ತಕ ತೆಗೆದು ಬರೆದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಹವೆ ಹೇಗಿತ್ತು, ಮುಂದಿನ ಬಂಡಿ ಯಾರದು. ಆ ಕೊನೆಯ ಪ್ರಶ್ನೆಗೆ ನಿನ್ನ ಹೆಸರು ಬರೆದೆ. ಹದಿನೆಂಟು ವರ್ಷದಿಂದ ಬರೆದ ಹೆಸರು, ಕೈ ತಾನೇ ಬರೆಯಿತು. ಇಷ್ಟು ನಿಜ. ಆಮೇಲೆ ಪುಸ್ತಕ ಮುಚ್ಚುವ ಮೊದಲು ಅದನ್ನು ನೋಡಿದೆ, ನೋಡಿಯೂ ಮುಚ್ಚಿದೆ, ಇದೂ ನಿಜ. ಹೋಟೆಲಿನವರು ಪುಸ್ತಕ ತರಿಸಿ ನಿನ್ನನ್ನು ಕೇಳಿದಾಗ, ಬರೆದಿದ್ದು ಸರಿಯಾಗೇ ಇದೆ ಎಂದು ನೀನು ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಒಳಗೆ ಬರಲಿಲ್ಲ. ಅತಿಥಿಗಳನ್ನು ನಿನ್ನ ಕೈಗೆ ಇನ್ನು ಕೊಡುವುದಿಲ್ಲ ಎಂದರು, ಮೇ ತಿಂಗಳಲ್ಲಿ ನೀನು ಬಸ್ಸು ಹತ್ತಿದೆ. ನಾವು ಜಗಳವಾಡಿದ್ದರೆ ಸಲೀಸಿತ್ತು.

ಇದನ್ನೇ ಯೊರುನ್‌ಗೆ ಹೇಳಿದೆ, ಇದಕ್ಕಿಂತ ಚಿಕ್ಕದಾಗಿ. ಕಬ್ಬಿಣದಲ್ಲಿ ವಾಫಲ್ ಸೀದು ಹೋಯಿತು. ಅವಳು ಅದನ್ನು ಕೆರೆದು ಹಾಕಿ, “ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತೇನೇ ನಿಂಗೆ?” ಅಂದಳು. ಮತ್ತೆ ಹಿಟ್ಟು ಹೊಯ್ದು, “ನಾನೂ ಸರಿಯಾಗಿ ಕೇಳ್ಲಿಲ್ಲ ಬಿಡು. ಅವನು ಒಪ್ಕೊಂಡ, ನಂಗೂ ಅದೇ ಸುಲಭ ಆಯ್ತು” ಅಂದಳು. ಕೊನೆಗೆ ತೀರ್ಪೂ ಕೊಟ್ಟಳು: ನಾನು ಮುಂದಿನ ಬಂಡಿ ಓಡಿಸುವಂತಿಲ್ಲ. ಕೊನೆಯದಕ್ಕೆ ಅಡ್ಡಿಯಿಲ್ಲ. ಮುಂದಿನದನ್ನು ನೀನು ಓಡಿಸಿದರೆ ಪ್ರವಾಸ ಉಂಟು. ಇಲ್ಲವಾದರೆ ಅತಿಥಿಗಳನ್ನು ಮೋಟಾರು ಬಂಡಿಯಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿ ಕಳಿಸುವುದು. ಈಸ್ಟರಿನಲ್ಲಿ ಓಡದ ನಾಯಿಗಳನ್ನು ಮುಂದಿನ ವರ್ಷ ಹೋಟೆಲ್ ಇಟ್ಟುಕೊಳ್ಳುವುದಿಲ್ಲ ಎಂಬುದನ್ನೂ ಹೇಳಿದಳು, ಮೆಲ್ಲಗೆ.

ಮಾರನೆಯ ದಿನ ಆರು ನಾಯಿ ಕಟ್ಟಿಕೊಂಡು ಒಬ್ಬಳೇ ಲಾಂಗ್‌ವಟ್ನೆಗೆ ಹೋದೆ, ದಂಡೆ ಬಳಸಿ. ಗುಡಿಸಲಿನ ಪುಸ್ತಕ ಇನ್ನೂ ಅದೇ, ತುಂಬಿಲ್ಲ. ನನ್ನ ಬರಹದ ಕೆಳಗೆ ಯಾವುದೋ ಮಗು ಮೊಲದ ಚಿತ್ರ ಬರೆದಿದೆ, ಜಾಗವೇ ಇರಲಿಲ್ಲ. ಹಾಗಾಗಿ ಅಂಚಿನಲ್ಲಿ ಉದ್ದುದ್ದಕ್ಕೆ ಬರೆದೆ: ಮುಂದಿನ ಬಂಡಿ ಗುನ್ವೋರಳದು, ನಾಯಿ ಎರಡು ಸಲ ಬೇಡವೆಂದಿತ್ತು. ತಾರೀಖು ಹಾಕಿದೆ. ಆಮೇಲೆ ಒಲೆ ಹಚ್ಚಿ ಒಂದು ಕಿತ್ತಳೆ ತಿಂದೆ. ವಿಶೇಷ ಏನೂ ಅನ್ನಿಸಲಿಲ್ಲ. ವಾಪಸು ಬರುವಾಗ ಇಳಿಜಾರಿನಲ್ಲಿ ನಾಯಿಗಳು ಎಷ್ಟು ಚೆನ್ನಾಗಿ ಓಡಿದವೆಂದರೆ ಬ್ರೇಕು ಮುಟ್ಟಲು ಮನಸ್ಸಾಗಲಿಲ್ಲ.

ನೀನು ದೊಡ್ಡ ಫೆರ್ರಿ ದೋಣಿಗೆ ಕಾರು ಹತ್ತಿಸುವ ಕೆಲಸ ಮಾಡುತ್ತೀಯೆಂದು ನಿನ್ನ ತಂಗಿ ಹೇಳಿದಳು. ಕೈ ಸನ್ನೆ ಮಾಡಿದರೆ ಸಾಕಂತೆ, ಕಾರುಗಳು ಮಾತು ಕೇಳುತ್ತವಂತೆ. ಈಸ್ಟರಿಗೆ ರಜೆ ಸಿಗುತ್ತದೋ ಇಲ್ಲವೋ. ಬರುವುದಾದರೆ ಒಂದು ವಾರ ಮೊದಲು ಬಾ. ಮರಿಗಳು ಎರಡು ವರ್ಷದವಾಗಿವೆ, ನಿನ್ನ ದನಿ ಅವಕ್ಕೆ ಗೊತ್ತಿಲ್ಲ. ಮೇಲಿನ ಕೋಣೆ ಖಾಲಿ ಇದೆ. ಕೆಳಗಿನದರಲ್ಲಿ ನಾನಿದ್ದೇನೆ, ಅಲ್ಲಿ ಒಲೆ ಚೆನ್ನಾಗಿ ಉರಿಯುತ್ತದೆ. ಇದನ್ನು ಬರೆದು ಹೊಡೆದು ಹಾಕಬೇಕೆಂದಿದ್ದೆ, ಬಿಟ್ಟಿದ್ದೇನೆ.

ನಿನ್ನನ್ನು ಒಂದು ಸಲ ಕೇಳುತ್ತೇನೆ, ಬೇಕಾದರೆ ಎರಡು ಸಲ. ಮೂರನೆಯ ಸಲ ಕೇಳುವುದಿಲ್ಲ.

ನಿನ್ನ, ಇನ್ನೂ ಹಾಗೆ ಬರೆಯಬಹುದಾದರೆ,
ಗುನ್ವೋರ್

ಮ.ವಿ.: ಅಂಚೆಗೆ ಹಾಕಲು ಹೊರಟವಳು ಲಕೋಟೆ ಮತ್ತೆ ಬಿಚ್ಚಿದ್ದೇನೆ. ಬೆನೆಡಿಕ್ಟೆಗೂ ನಿಜ ಬರೆದಿದ್ದೆ, ಬೇಡವೆನ್ನಿಸಿದರೆ ಬರಬೇಡಿ ಎಂದು. ಅವಳ ಉತ್ತರ ಇವತ್ತು ಬಂತು. ನಾಯಿಯ ಕೊರಳಪಟ್ಟಿ ಹಿಡಿದವಳು ನಾನೇ ಎಂಬುದನ್ನು ಅವಳು ಅವತ್ತೇ ನೋಡಿದ್ದಳಂತೆ. ಗುಡಿಸಲಿನಲ್ಲಿ ನಾನು ಪುಸ್ತಕ ಬರೆಯುತ್ತಿದ್ದಾಗ, ಅವಳ ಪಾದ ನಿನ್ನ ಹೊಟ್ಟೆಯ ಮೇಲಿದ್ದಾಗ, ಕೂಗಿ ಹೇಳಲು ಹೊರಟವಳನ್ನು ನೀನು ತಡೆದೆಯಂತೆ. “ಇವತ್ತು ಬೇಡ. ಒಂದು ದಿನ ಅವಳೇ ಹೇಳ್ತಾಳೆ” ಅಂದೆಯಂತೆ. ಆ ಒಂದು ದಿನ ಇಷ್ಟು ತಡವಾಗಿ ಬಂದರೂ ನಡೆಯುತ್ತದೆಯೇ, ಆರ್ವಿಡ್?